ಯಾರ ಹೊಲಕ್ಕೂ ಬೀಳದ ಮಳೆ

ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಮೇಡಂ ಕಳೆದ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು, "ಎರಡು ಮಾತಾಡಿ ಮೇಡಂ" ಎಂದೆವು. ಅವರು ಮೈಕಿನ ಮುಂದೆ ನಿಂತು, "ಹೋಗಿ ಬರ್ತೀನಿ. ಎರಡನೇ ಪಿಯುಸಿಯವರು ಕೊನೆಯ ಪಾಠ ಇನ್ನೊಂದು ಸಲ ಓದ್ಕೊಳ್ಳಿ" ಎಂದು ಹೇಳಿ ಬಂದು ಕುಳಿತುಬಿಟ್ಟರು. ಅವರ ಬಗ್ಗೆ ಏನಾದರೂ ಬರೆಯುತ್ತೇನೆ ಎಂದಾಗ ಬೇಡ ಎನ್ನಲಿಲ್ಲ. "ಬರೆಯೋದಾದ್ರೆ ಹೆಸರು ಹಾಕ್ಬೇಡಿ ಮೇಷ್ಟ್ರೇ. ನಮ್ಮ ಅಣ್ಣಯ್ಯ ಅಚ್ಚಾಗಿದ್ದನ್ನೆಲ್ಲ ಓದ್ತಾನೆ" ಎಂದರು. ಹಾಗಾಗಿ ಇಲ್ಲಿ ಅವರು ಬರೀ ಮೇಡಂ.

ನಾನು ಕಡೂರಿನವನು. ಮೂಡಿಗೆರೆ ಸೀಮೆಯ ಈ ಸಣ್ಣ ಪೇಟೆಯ ಪಿಯು ಕಾಲೇಜಿಗೆ ಕನ್ನಡ ಉಪನ್ಯಾಸಕನಾಗಿ ವರ್ಗವಾಗಿ ಬಂದದ್ದು ಆಷಾಢದಲ್ಲಿ. ಮೊದಲ ದಿನವೇ ಗಾಳಿಗೆ ನನ್ನ ಕೊಡೆ ಮೇಲುಮುಖವಾಗಿ ಮಗುಚಿಕೊಂಡಿತು. ಅದನ್ನು ಸರಿಮಾಡುತ್ತ ಕಾಲೇಜಿನ ಗೇಟಿನಲ್ಲಿ ನಿಂತಿದ್ದಾಗ ಎತ್ತರದ ಹೆಂಗಸೊಬ್ಬರು, ಕಾಟನ್ ಸೀರೆಯ ಕೆಳಗೆ ಮಂಡಿಯವರೆಗಿನ ಗಂಬೂಟು ಹಾಕಿಕೊಂಡವರು, ನನ್ನ ಪಕ್ಕದಲ್ಲಿ ಹಾದು ಹೋಗುತ್ತ, "ಅದನ್ನ ಬಿಸಾಕಿ ರೈನ್‌ಕೋಟ್ ತಗೊಳ್ಳಿ ಮಾರಾಯ್ರೇ. ಇಲ್ಲಿ ಮಳೆ ಮೇಲಿಂದ ಬರಲ್ಲ, ಪಕ್ಕದಿಂದ ಬರುತ್ತೆ" ಎಂದರು. ಅದೇ ನಮ್ಮ ಪರಿಚಯ.

ಆ ವಾರವೇ ಅವರು ನನ್ನನ್ನು ತಮ್ಮ ತರಗತಿಗೆ ಕರೆದುಕೊಂಡು ಹೋದರು. ಯಾಕೆಂದು ಹೇಳಲಿಲ್ಲ. ಮಕ್ಕಳ ಮುಂದೆ ನಿಲ್ಲಿಸಿ, "ಇವರು ಕಡೂರಿನವರು. ನಿಮ್ಮಲ್ಲಿ ಮಳೆ ಹೇಗೆ, ಹೇಳಿ ಮೇಷ್ಟ್ರೇ" ಎಂದರು.

"ಬಂದ್ರೆ ಬಂತು. ಬರದಿದ್ರೆ ಟ್ಯಾಂಕರ್" ಎಂದೆ.

ಮಕ್ಕಳು ನಕ್ಕರು. ಮೇಡಂ ನಗಲಿಲ್ಲ. "ನಮ್ಮ ಘಾಟಿ ಕಡೆ ಮಳೆ ಹೇಗೆ ಅಂತ ನಿಮಗೇ ಗೊತ್ತು. ಕಡೂರೂ ಚಿಕ್ಕಮಗಳೂರು ಜಿಲ್ಲೆ, ಮೂಡಿಗೆರೆಯೂ ಚಿಕ್ಕಮಗಳೂರು ಜಿಲ್ಲೆ. ಎರಡೂ ಕಡೆಯ ಮಳೆ ಕೂಡಿಸಿ ಭಾಗ ಮಾಡಿದ್ರೆ ಜಿಲ್ಲೆಯ ಸರಾಸರಿ ಮಳೆ ಬರುತ್ತೆ. ಬಹಳ ಚಂದದ ಮಳೆ ಅದು. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ, ಬೆಳೆಗೆ ಹೇಳಿ ಮಾಡಿಸಿದ ಹಾಗಿರುತ್ತೆ. ಆದ್ರೆ ಆ ಮಳೆ ಯಾರ ಹೊಲಕ್ಕೆ ಬೀಳುತ್ತೆ?"

ಹಿಂದಿನ ಬೆಂಚಿನಿಂದ ಯಾರೋ, "ಯಾರ ಹೊಲಕ್ಕೂ ಬೀಳಲ್ಲ ಮೇಡಂ" ಎಂದರು.

"ಸರಿ. ಈಗ ತಲಾ ಆದಾಯದ ಪಾಠ ತೆಗೀರಿ."

ಸ್ಟಾಫ್ ರೂಮಿನಲ್ಲಿ ಅವರ ಎದುರು ಬಾಯಿಬಿಡಲು ಸ್ವಲ್ಪ ಧೈರ್ಯ ಬೇಕಿತ್ತು. ಈ ಸಲ ಮಳೆ ಒಳ್ಳೇದಾಯ್ತು ಎಂದು ಯಾರಾದರೂ ಅಂದರೆ ಪೇಪರ್ ತಿದ್ದುತ್ತಿದ್ದವರು ತಲೆ ಎತ್ತದೆ, "ಯಾರಿಗೆ?" ಎನ್ನುತ್ತಿದ್ದರು. ಹೊಸ ರೆಸಾರ್ಟ್ ಬಂದು ಊರು ಮುಂದುವರಿಯಿತು ಎಂದರೂ "ಯಾರಿಗೆ?" ಒಮ್ಮೆ ಪ್ರಿನ್ಸಿಪಾಲರು, "ಇವತ್ತು ಸಾರು ಚೆನ್ನಾಗಿದೆ" ಎಂದು ಹೇಳಿ, ತಾವೇ ಬೇಗ "ನನಗೆ, ನನಗೆ" ಎಂದು ಸೇರಿಸಿದರು. ಆ ದಿನ ಮೇಡಂ ಕೂಡ ನಕ್ಕರು. ಅವರು ಸಿಡುಕಿನವರು ಎಂದು ಹೊರಗಿನವರು ಹೇಳುತ್ತಿದ್ದುದು ಸುಳ್ಳಲ್ಲ. ಇನ್ನೊಬ್ಬರ ಮಾತು ಮುಗಿಯುವ ತನಕ ಕಾಯುವ ತಾಳ್ಮೆ ಅವರಿಗಿರಲಿಲ್ಲ. ಯಾರಾದರೂ ಥ್ಯಾಂಕ್ಸ್ ಹೇಳಿದರೆ ಬೈಸಿಕೊಂಡವರ ಹಾಗೆ ಮುಖ ಮಾಡುತ್ತಿದ್ದರು.

ಅವರು ಹುಟ್ಟಿದ್ದು ಪ್ಲಾಂಟರ್ ಮನೆಯಲ್ಲಿ. ದೇವರಮನೆ ಎಂಬ ಊರ ಕಡೆಯ ಗುಡ್ಡದಲ್ಲಿ ಅವರ ತಂದೆಯ ಕಾಫಿ ಎಸ್ಟೇಟು ಇತ್ತು. ತಂದೆಯ ನಂತರ ಅಣ್ಣ ನೋಡಿಕೊಳ್ಳುತ್ತಿದ್ದರು. ಸೀಮೆಯಲ್ಲಿ ಎಲ್ಲರೂ ಗೌಡ್ರು ಎಂದು ಕರೆಯುತ್ತಿದ್ದ ಆ ಅಣ್ಣ ಬೆಳೆಗಾರರ ಸಂಘದ ಅಧ್ಯಕ್ಷರೂ ಆಗಿದ್ದರು. ಅಣ್ಣ ತಂಗಿ ಜಗಳವಾಡದ ಹಬ್ಬವಿರಲಿಲ್ಲ. ಹಬ್ಬದ ಊಟಕ್ಕೆ ಹೋಗದ ವರ್ಷವೂ ಇರಲಿಲ್ಲ.

ಅವರನ್ನು ನಾನು ನಿಜವಾಗಿ ತಿಳಿದದ್ದು ಗಿರಿಜ ಕಾಲೇಜು ಬಿಟ್ಟ ವರ್ಷ.

ಗಿರಿಜ ಅದೇ ಗುಡ್ಡದ ಮೇಲಿನ ಎಸ್ಟೇಟ್ ಲೈನಿನ ಹುಡುಗಿ. ತೋಟದ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಮನೆಗಳಿಗೆ ಇಲ್ಲಿ ಲೈನ್ ಎನ್ನುತ್ತಾರೆ. ಎರಡನೇ ಪಿಯುಸಿಯಲ್ಲಿದ್ದಳು, ಅರ್ಥಶಾಸ್ತ್ರದಲ್ಲಿ ಎಲ್ಲರಿಗಿಂತ ಮುಂದು. ಆ ಮಳೆಗಾಲ ರಜೆಯ ಮೇಲೆ ರಜೆ ಬಂತು. ಮಳೆ ಕಮ್ಮಿಯಾಗಿ ತರಗತಿ ಮತ್ತೆ ಸರಿಯಾಗಿ ನಡೆಯತೊಡಗಿದಾಗ ಮೂರನೇ ಬೆಂಚಿನ ತುದಿ ಖಾಲಿಯಿತ್ತು. ವಿಚಾರಿಸಿದರೆ ಗುಡ್ಡದ ಮೇಲಿಂದ ಬರುವ ಹುಡುಗಿಯರಲ್ಲಿ ಅರ್ಧಕ್ಕರ್ಧ ಇಲ್ಲ. ಗುಡ್ಡದ ಬಸ್ಸು ನಿಂತುಹೋಗಿದೆ ಎಂದರು.

"ಭಾನುವಾರ ಎಂತ ಕೆಲಸ ನಿಮಗೆ?" ಎಂದು ಮೇಡಂ ನನ್ನನ್ನು ಕೇಳಿದರು. ನಾನು ಉತ್ತರ ಹೇಳುವ ಮೊದಲೇ, "ಎಂಟು ಗಂಟೆಗೆ ಬರ್ತೀನಿ, ರೆಡಿ ಇರಿ" ಎಂದರು.

ಅವರ ತಂದೆಯ ಕಾಲದ ಜೀಪಿನಲ್ಲಿ ಹೋದೆವು. ಹೈವೇ ಬಿಟ್ಟು ತೋಟಗಳ ನಡುವೆ ಹತ್ತುವ ಆ ರಸ್ತೆ ಸುಮಾರಾಗಿಯೇ ಇತ್ತು. ತುದಿಯಲ್ಲಿ ಬಸ್ಸು ತಿರುಗುತ್ತಿದ್ದ ಬಯಲು ಮಾತ್ರ ಇರಲಿಲ್ಲ. ಗುಡ್ಡ ಜರಿದು ಅಷ್ಟೂ ಹಳ್ಳಕ್ಕೆ ಹೋಗಿತ್ತು. ತಿರುಗಿಸಲು ಜಾಗವಿಲ್ಲದ ಮೇಲೆ ಬಸ್ಸು ಹತ್ತುವುದು ಹೇಗೆ?

ಲೈನಿನಲ್ಲಿ ಪ್ರತಿ ಮನೆಯ ಮೇಲೂ ಟಿವಿ ಡಿಶ್ ಇತ್ತು. ಒಳಗೆ ಮಿಕ್ಸಿ ತಿರುಗುವ ಸದ್ದು. ಗಿರಿಜಳ ತಾಯಿ ಪ್ಲಾಸ್ಟಿಕ್ ಕುರ್ಚಿ ಒರೆಸಿ ಹಾಕಿ, ಬೆಲ್ಲದ ಕಾಫಿ ಕೊಟ್ಟರು. ಕಾಲೇಜಿಗೆ ಯಾಕೆ ಕಳಿಸ್ತಿಲ್ಲ ಎಂದು ಮೇಡಂ ನೇರ ಕೇಳಿದರು.

"ಹೈವೇಲಿ ಬಸ್ಸಿಳಿದು ಈ ರಸ್ತೇಲಿ ನಡ್ಕೊಂಡು ಬರ್ಬೇಕು. ಮನೆ ಸೇರೋ ಹೊತ್ತಿಗೆ ಮಬ್ಬಾಗಿರುತ್ತೆ. ಕೆಳಗಿನ ತೋಟದ ಕಾವಲಿನವನನ್ನ ಆನೆ ತುಳೀತಲ್ಲ, ಅದೇ ತಿರುವಲ್ಲಿ" ಎಂದರು ಆ ತಾಯಿ. ಖಾಲಿ ಲೋಟ ತೆಗೆದುಕೊಳ್ಳುತ್ತ, "ಓದು ಬೇಡ ಅಂತಲ್ಲ ಮೇಡಮ್ಮ. ಮಗಳು ಬೇಕು ಅಂತ" ಎಂದರು.

ಮೇಡಂ ಗಿರಿಜಳ ಕಡೆ ನೋಡಿದರು. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. "ಹಾಜರಿ ಹೋಯ್ತಲ್ಲ ಮೇಡಂ, ಈ ವರ್ಷ ಪರೀಕ್ಷೆಗೆ ಕೂರಿಸಲ್ಲ. ಸುಮ್ನೆ ಮನೇಲಿ ಯಾಕೆ ಕೂರೋದು ಅಂತ ತೋಟದ ಕೆಲಸಕ್ಕೆ ಹೋಗ್ತಿದೀನಿ" ಎಂದಳು. ಅಳುವಿರಲಿಲ್ಲ. ಅದೇ ಕೇಳಲು ಕಷ್ಟವಾಗಿತ್ತು.

ಇಳಿದು ಬರುವಾಗ ಮೇಡಂ ಕನ್ನಡಿಯಲ್ಲಿ ಲೈನಿನ ಕಡೆ ಒಮ್ಮೆ ನೋಡಿದರು. ಆಮೇಲೆ, "ಡಿಶ್ ನೋಡಿದ್ರಾ? ಅದು ಒಳ್ಳೇದೇ. ನಾನು ಚಿಕ್ಕವಳಿದ್ದಾಗ ಈ ಲೈನಿನಲ್ಲಿ ಕರೆಂಟೇ ಇರ್ಲಿಲ್ಲ. ಕಾಫಿಗೆ ರೇಟು ಬರದಿದ್ರೆ ಅದೂ ಬರ್ತಿರ್ಲಿಲ್ಲ. ಆದ್ರೆ ಡಿಶ್ಶು ಒಬ್ಬೊಬ್ಬರೇ ತಂದು ಹಾಕ್ಕೋಬಹುದು. ಬಸ್ಸನ್ನ ಒಬ್ಬೊಬ್ಬರೇ ತರೋಕಾಗಲ್ಲ" ಎಂದರು.

ಮಾರನೆಯ ದಿನದಿಂದ ಆ ಜೀಪು ಬೆಳಗ್ಗೆ ಗುಡ್ಡ ಹತ್ತಿ ಹಾಜರಿ ಇನ್ನೂ ಕೈಮೀರದ ಹುಡುಗಿಯರನ್ನು ಕರೆತರುವುದು, ಸಂಜೆ ಬಿಟ್ಟು ಬರುವುದು ಶುರುವಾಯಿತು. ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಮೇಡಂ ಅವರ ಯಜಮಾನರು, "ನೀನು ಲೆಕ್ಚರರೋ ಡ್ರೈವರೋ?" ಎಂದು ಕೇಳಿದರಂತೆ. "ಸದ್ಯಕ್ಕೆ ಎರಡೂ" ಎಂದರಂತೆ ಇವರು. ಹಾಗೆಂದು ಜೀಪೇ ಪರಿಹಾರ ಎಂದು ಅವರು ಒಂದು ದಿನವೂ ಅಂದುಕೊಳ್ಳಲಿಲ್ಲ. "ನಾನು ಜ್ವರ ಬಂದು ಮಲಗಿದ್ರೆ ಇವರ ಓದೂ ಮಲಗಬೇಕಾ?" ಎನ್ನುತ್ತಿದ್ದರು.

ಬಸ್ ಡಿಪೋಗೆ ಅವರ ಜೊತೆ ನಾನೂ ಹೋಗಿದ್ದೆ. ಅಲ್ಲಿನ ಅಧಿಕಾರಿ ಕೆಟ್ಟವರಲ್ಲ. ಎದ್ದು ನಿಂತು ಕುರ್ಚಿ ಕೊಟ್ಟರು. ಆ ಟ್ರಿಪ್ಪಿಗೆ ಕಿಲೋಮೀಟರಿಗೆ ಬರಬೇಕಾದಷ್ಟು ಆದಾಯ ಬರುತ್ತಿರಲಿಲ್ಲ, ಈಗ ತಿರುಗಿಸಲು ಜಾಗವೂ ಇಲ್ಲ ಎಂದು ಸಮಾಧಾನವಾಗಿ ಹೇಳಿದರು.

"ಆ ಬಸ್ಸಲ್ಲಿ ಬರೋ ಹುಡುಗಿ ನಾಳೆ ನರ್ಸ್ ಆಗ್ತಾಳೆ ಅಂತ ಇಟ್ಕೊಳ್ಳಿ. ನಿಮ್ಮ ತಾಯಿಗೆ ಆಸ್ಪತ್ರೇಲಿ ಡ್ರಿಪ್ ಹಾಕ್ತಾಳೆ. ಅದು ಯಾವ ಕಿಲೋಮೀಟರಿಗೆ ಸೇರುತ್ತೆ?" ಎಂದು ಕೇಳಿದರು ಮೇಡಂ.

ಅಧಿಕಾರಿ ಸ್ವಲ್ಪ ಯೋಚಿಸಿ, "ಅದಕ್ಕೆ ನಮ್ಮಲ್ಲಿ ಕಾಲಂ ಇಲ್ಲ ಮೇಡಂ" ಎಂದರು. ವ್ಯಂಗ್ಯವಾಗಿ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದರು. ನಾವು ಎದ್ದು ಹೊರಡುವಾಗ ಬಾಗಿಲ ತನಕ ಬಂದು, "ತಿರುಗಿಸೋಕೆ ಒಂದು ಜಾಗ ಕೊಡಿಸಿ. ಉಳಿದಿದ್ದು ಮೇಲಿನವರ ಹತ್ತಿರ ನಾನು ಮಾತಾಡ್ತೀನಿ" ಎಂದರು.

ಆ ರಸ್ತೆಯುದ್ದಕ್ಕೂ ಎರಡೂ ಕಡೆ ಇಳಿಜಾರು. ಬಸ್ಸು ತಿರುಗುವಂಥ ಸಮತಟ್ಟು ಜಾಗ ಒಂದೇ ಇತ್ತು. ಅದು ಆನೆಯ ತಿರುವು ದಾಟಿದ ಮೇಲೆ ಲೈನಿಗೆ ಹತ್ತಿರವಿದ್ದ, ಮೇಡಂ ಅವರ ಅಣ್ಣನ ಎಸ್ಟೇಟಿನ ಗೇಟಿನ ಪಕ್ಕದ ಮೂಲೆ. ಅಲ್ಲಿ ಮರಗಳಿಗೆ ಹಬ್ಬಿದ ಮೆಣಸು, ಕೆಳಗೆ ಫಸಲು ತುಂಬಿದ ಕಾಫಿ. ಆ ವರ್ಷ ಕಾಫಿಗೆ ಯಾರೂ ಕಂಡಿರದ ರೇಟು ಬಂದಿತ್ತು.

"ಹೋದ ಸಲ ಕೇಳಿದ್ರೆ ಕೊಡ್ತಿದ್ನೇನೋ. ಈಗ ಒಂದೊಂದು ಗಿಡವೂ ಚಿನ್ನ ಮಾರಾಯ್ತಿ. ಈ ವರ್ಷ ಯಾರಾದ್ರೂ ಗಿಡ ಕೀಳ್ತಾರಾ?" ಎಂದರಂತೆ ಗೌಡ್ರು, ಮೇಡಂ ಹೋಗಿ ಕೇಳಿದಾಗ.

ಇದನ್ನು ಮೇಡಂ ನನಗೆ ಹೇಳುವಾಗ ಅವರ ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವಿತ್ತು. "ನೋಡಿ ಮೇಷ್ಟ್ರೇ. ತಾಲ್ಲೂಕು ಬಡವಾಗಿದ್ದಾಗ ಬಸ್ಸು ತಿರುಗೋಕೆ ಜಾಗ ಇತ್ತು. ಶ್ರೀಮಂತ ಆದ ಮೇಲೆ ಇಲ್ಲ."

ಅದೇ ಹೊತ್ತಿಗೆ ಬೆಳೆಗಾರರ ಸಂಘದ ವಾರ್ಷಿಕ ಸಭೆ ಹತ್ತಿರ ಬಂದಿತ್ತು. ತಲಾ ಆದಾಯದಲ್ಲಿ ನಮ್ಮ ಜಿಲ್ಲೆ ರಾಜ್ಯದ ಮೇಲಿನ ಸಾಲಿನಲ್ಲಿದೆ, ಅದಕ್ಕೆ ಕಾರಣ ಕಾಫಿ ಎಂಬುದರ ಮೇಲೆ ಒಂದು ಭಾಷಣ ಆಗಬೇಕೆಂದು ಗೌಡ್ರ ಆಸೆ. ಅರ್ಥಶಾಸ್ತ್ರ ಓದಿದ ತಂಗಿ ಮನೆಯಲ್ಲೇ ಇದ್ದಾಳಲ್ಲ. ಕೇಳಿದರು.

"ಬರ್ತೀನಿ ಅಣ್ಣಯ್ಯ. ಅದಕ್ಕೆ ಮೊದಲು ನೀನು ಒಂದು ಸಂಜೆ ನನ್ನ ಜೊತೆ ಹೈವೇಯಿಂದ ಲೈನಿನ ತನಕ ನಡೀಬೇಕು" ಎಂದರು ಮೇಡಂ.

"ಅದೇನು ದೊಡ್ಡ ವಿಷಯ? ನಾವೂ ಅಲ್ಲೇ ನಡೆದು ಓದಿದ್ದು."

"ಆಗ ಆನೆ ಇರ್ಲಿಲ್ಲ."

ಡಿಸೆಂಬರಿನ ಒಂದು ಸಂಜೆ ನಾವು ಮೂವರು ಹೈವೇಯಿಂದ ರಸ್ತೆ ಕವಲೊಡೆಯುವ ಕೈಮರದಿಂದ ನಡೆಯತೊಡಗಿದೆವು. ಗೌಡ್ರು ದಪ್ಪ ಆಳು, ತಲೆಗೆ ಹ್ಯಾಟು, ಕೈಯಲ್ಲಿ ಬೆತ್ತ. ಮೊದಲ ಏರಿನಲ್ಲಿ ಆಚೀಚೆಯ ತೋಟಗಳ ಚರಿತ್ರೆಯೆಲ್ಲ ಹೇಳಿದರು. ಎರಡನೆಯ ಏರಿನಲ್ಲಿ ಉಸಿರು ಸಾಲದೆ ನಿಲ್ಲಿಸಿದರು. ಮಂಜು ಇಳಿಯುತ್ತಿತ್ತು. ಕಾವಲಿನವನು ಸತ್ತ ತಿರುವಿಗೆ ಬರುವ ಹೊತ್ತಿಗೆ ರಸ್ತೆಯ ಅಂಚಿನಲ್ಲಿ ಆನೆಗೆ ಇಷ್ಟವಾದ ಬೈನೆ ಮರವೊಂದು ಸೀಳಿ ಬಿದ್ದಿತ್ತು. ಪಕ್ಕದಲ್ಲಿ ಲದ್ದಿ. ಅದರಿಂದ ಇನ್ನೂ ಹಬೆ ಏಳುತ್ತಿತ್ತು.

ಗೌಡ್ರು ನಿಂತರು. ನಾನೂ ನಿಂತೆ. ಹಿಂದೆ ಹೋಗಬೇಕೋ ಮುಂದೆ ಹೋಗಬೇಕೋ ತಿಳಿಯದ ಆ ಗಳಿಗೆಯಲ್ಲಿ ಕೆಳಗಿನಿಂದ ಹೆಂಗಸರ ಗಟ್ಟಿ ಮಾತು ಕೇಳಿಸಿತು. ಕಾಫಿ ಹಣ್ಣು ಕುಯ್ದು ಮುಗಿಸಿ ಲೈನಿಗೆ ಹಿಂದಿರುಗುತ್ತಿದ್ದ ಗುಂಪು. ಅದರಲ್ಲಿ ಗಿರಿಜ ಇದ್ದಳು. ನಮ್ಮನ್ನು ನೋಡಿ ಮೊದಲು ಅವಳಿಗೆ ನಂಬಿಕೆಯೇ ಬರಲಿಲ್ಲ.

"ಸುಮ್ನೆ ನಿಲ್ಬೇಡಿ ಗೌಡ್ರೇ. ಮಾತಾಡ್ತಾ ನಡೀರಿ. ಮನುಷ್ಯರು ಬರ್ತಿದಾರೆ ಅಂತ ಅದಕ್ಕೆ ಗೊತ್ತಾಗ್ಬೇಕು" ಎಂದಳು.

"ಎಂತ ಮಾತಾಡುದು?" ಎಂದರು ಗೌಡ್ರು.

"ಎಂತಾದ್ರೂ. ಬಸ್ಸು ನಿಂತ ಹೊಸದ್ರಲ್ಲಿ ನಾವು ಕಾಲೇಜಿಂದ ಬರುವಾಗ ಪಾಠ ಒಪ್ಪಿಸ್ತಾ ಬರ್ತಿದ್ವಿ."

"ಯಾವ ಪಾಠ?"

"ಮೇಡಮ್ಮಂದೇ. ಬೇಡಿಕೆ, ಪೂರೈಕೆ, ರಾಷ್ಟ್ರೀಯ ಆದಾಯ. ಜೋರಾಗಿ ಹೇಳೋಕೆ ಅದೇ ಚೆನ್ನಾಗಿರೋದು."

ಮೇಡಂ ಆಗ ಮುಖ ಆ ಕಡೆ ತಿರುಗಿಸಿದರು. ಆಮೇಲೆ ತಾವೇ ಗಟ್ಟಿ ದನಿಯಲ್ಲಿ, "ರಾಷ್ಟ್ರೀಯ ಆದಾಯ ಎಂದರೇನು?" ಎಂದು ಕೇಳಿದರು. ಗಿರಿಜ ಉತ್ತರ ಹೇಳಿದಳು. ಅಂಥ ದನಿ ತರಗತಿಯಲ್ಲಿ ನಾನು ಕೇಳಿರಲಿಲ್ಲ. ಬುಟ್ಟಿ, ಚೀಲ ಹೊತ್ತ ಹೆಂಗಸರು, ಗೌಡ್ರು, ನಾನು ಎಲ್ಲ ಒಟ್ಟಾಗಿ ಆ ಪ್ರಶ್ನೋತ್ತರದ ನಡುವೆ ತಿರುವು ದಾಟಿದೆವು. ಆನೆ ನಮಗೆ ಕಾಣಿಸಲಿಲ್ಲ. ಎಡಗಡೆಯ ತೋಟದಲ್ಲಿ ಕೊಂಬೆ ಮುರಿಯುವ ಸದ್ದು ಮಾತ್ರ ಲೈನಿನ ದೀಪಗಳು ಕಾಣುವ ತನಕ ನಮ್ಮ ಜೊತೆಗೇ ಬಂತು.

ಗೌಡ್ರು ಅಂದು ಜಾಗದ ವಿಷಯ ಎತ್ತದೆ ತಮ್ಮ ಡ್ರೈವರನ್ನು ಕರೆಸಿಕೊಂಡು ಕಾರು ಹತ್ತಿದರು. ಮೇಡಂ ಕೂಡ ಏನೂ ಕೇಳಲಿಲ್ಲ. ಇನ್ನೊಬ್ಬರ ಮಾತಿಗೆ ಅವರು ಕಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸಭೆಗೆ ಸ್ವಲ್ಪ ಮೊದಲು ಗೌಡ್ರು ಕಾಲೇಜಿಗೇ ಬಂದರು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಹಣ್ಣು ಕುಯ್ದಾದ ಮೇಲೆ ಗೇಟಿನ ಮೂಲೆ ಬಿಡಿಸಿ ಕೊಡ್ತೀನಿ. ಆದ್ರೆ ಒಂದು ಕಂಡಿಷನ್. ಸಭೆಯಲ್ಲಿ ನೀನು ಭಾಷಣ ಮಾಡ್ಬಾರ್ದು" ಎಂದರು.

"ಮಾಡಲ್ಲ" ಎಂದರು ಮೇಡಂ, ಅವರ ಮಾತು ಮುಗಿಯುವ ಮೊದಲೇ. ಆ ಭಾಷಣಕ್ಕೆಂದು ಅವರು ವಾರಗಟ್ಟಲೆ ತಯಾರಿ ಮಾಡಿದ್ದು ನನಗೆ ಗೊತ್ತಿತ್ತು. "ಭಾಷಣ ಇನ್ನೊಂದು ವರ್ಷ ಮಾಡಬಹುದು ಮೇಷ್ಟ್ರೇ. ಜಾಗ ಇನ್ನೊಂದು ವರ್ಷ ಸಿಗಲ್ಲ" ಎಂದರು ಆಮೇಲೆ.

ಸಭೆಗೆ ಹೋದೆವು. ಬೇರೆ ಯಾರನ್ನೋ ಕರೆಸಿ ಆ ಭಾಷಣ ಮಾಡಿಸಿದರು. ಜಿಲ್ಲೆಯ ತಲಾ ಆದಾಯ ಹೇಳಿದಾಗ ಜೋರಾಗಿ ಚಪ್ಪಾಳೆ ಬಿತ್ತು. ಮೇಡಂ ಹಿಂದಿನ ಸಾಲಿನಲ್ಲಿ ಕೂತು ತುಟಿ ಬಿಗಿಹಿಡಿದಿದ್ದರು. ಊಟದ ಹೊತ್ತಿಗೆ ಕಡುಬು ಮುರಿಯುತ್ತ, "ಅವರು ಹೇಳಿದ್ದು ಸುಳ್ಳಲ್ಲ. ಆ ಸಂಖ್ಯೆ ನನಗೂ ಬೇಕು. ತೋಟದಲ್ಲಿ ಏನೂ ಬೆಳೆಯದಿದ್ರೆ ಹಂಚೋಕೆ ಏನಿರುತ್ತೆ? ಆದ್ರೆ ಊರು ಬಂತು ಅಂತ ಇವರೆಲ್ಲ ಆ ಸಂಖ್ಯೆಯಲ್ಲೇ ಇಳಿದುಬಿಡ್ತಾರೆ. ನನಗೆ ಅದು ಬಸ್ಸು ಹೊರಡೋ ಜಾಗ" ಎಂದರು.

ಹೊಸ ತರಗತಿಗಳು ಶುರುವಾಗುವ ಹೊತ್ತಿಗೆ ಗುಡ್ಡದ ಬಸ್ಸು ಮತ್ತೆ ಬಂತು. ಡಿಪೋದ ಅಧಿಕಾರಿ ಮಾತು ಉಳಿಸಿಕೊಂಡಿದ್ದರು. ಮೊದಲ ದಿನ ಹಾರ, ಪೂಜೆ ಏನೂ ಬೇಡ ಎಂದು ಮೇಡಂ ಹಟ ಹಿಡಿದರು. ಬಸ್ಸಿಗೆ ಜಾಗ ಅಷ್ಟಕ್ಕಷ್ಟೇ ಆಗಿತ್ತು. ಡ್ರೈವರ್ ಹಿಂದೆ ಮುಂದೆ ಮಾಡುತ್ತಿದ್ದರೆ, ಬೆಳೆಗಾರರ ಸಂಘದ ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿ ಬಸ್ಸಿನ ಹಿಂದೆ ನಿಂತು, "ಬರ್ಲಿ, ಬರ್ಲಿ, ಹೋಲ್ಡಾನ್. ಗಿಡ, ಗಿಡ ನೋಡು ಮಾರಾಯ" ಎಂದು ಕೈ ಬೀಸುತ್ತಿದ್ದರು. ಉಳಿದ ಗಿಡಗಳ ಮೇಲೆ ಅವರ ಪ್ರೀತಿ ಸ್ವಲ್ಪವೂ ಕಮ್ಮಿಯಾಗಿರಲಿಲ್ಲ.

ಬಸ್ಸು ಹತ್ತಿದ ಮಕ್ಕಳಲ್ಲಿ ಗಿರಿಜಳ ತಂಗಿ ಇದ್ದಳು, ಮೊದಲನೇ ಪಿಯುಸಿಗೆ. ಗಿರಿಜ ಹತ್ತಲಿಲ್ಲ. ತಂಗಿಯ ಬುತ್ತಿಚೀಲವನ್ನು ಕಿಟಕಿಯಿಂದ ಕೊಟ್ಟು, "ಬಸ್ಸು ಬಂದಿದ್ದು ಒಳ್ಳೇದಾಯ್ತು ಮೇಡಂ. ನಂಗೆ ಸ್ವಲ್ಪ ತಡವಾಯ್ತು ಅಷ್ಟೇ" ಎಂದಳು.

ತಡವಾಯಿತು ಎಂಬ ಮಾತನ್ನು ಮೇಡಂ ಒಪ್ಪಿಕೊಳ್ಳುವ ಪೈಕಿಯವರಲ್ಲ. ಖಾಸಗಿಯಾಗಿ ಪರೀಕ್ಷೆಗೆ ಕೂರಬಹುದಲ್ಲ ಎಂದರು. ಗಿರಿಜ ಬೇಡವೆಂದಳು. ಮುಂದಿನ ಭಾನುವಾರ ಮೇಡಂ ಲೈನಿಗೆ ಹೋದರು. ಅವಳು ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗಿದ್ದಳು. ಮೇಡಂ ಹಳ್ಳಕ್ಕೇ ಹೋಗಿ ಬಂಡೆಯ ಮೇಲೆ ಕೂತು ಪುಸ್ತಕ ತೆರೆದರು. ಅದರ ಮುಂದಿನ ಭಾನುವಾರವೂ ಹೋದರು. ಗಿರಿಜ ಯಾವಾಗ ಒಪ್ಪಿದಳೋ ನನಗೆ ತಿಳಿಯದು. ಕನ್ನಡ ಹೇಳಿಕೊಡಲು ನನ್ನನ್ನೂ ಎಳೆದುಕೊಂಡು ಹೋಗುವ ಹೊತ್ತಿಗೆ ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಚಾಪೆ ಹಾಸಿ, ಅವಳ ಜೊತೆ ಹಿಂದೆಯೇ ಓದು ಬಿಟ್ಟಿದ್ದ ಇನ್ನಿಬ್ಬರು ಹುಡುಗಿಯರೂ ಕೂತಿದ್ದರು. ಒಬ್ಬಳ ಮಡಿಲಲ್ಲಿ ಮಗುವಿತ್ತು.

ಪರೀಕ್ಷೆಗೆ ಮುಂಚೆ ಒಂದು ಸಲ ಗಿರಿಜ ಸೋತು ಪುಸ್ತಕ ಮುಚ್ಚಿಬಿಟ್ಟಳು. ದಿನವೆಲ್ಲ ಕಾಫಿ ಗಿಡದ ರೆಂಬೆ ಸವರಿ ಬಂದವಳಿಗೆ ಅಕ್ಷರ ಕಣ್ಣಿಗೆ ನಿಲ್ಲುತ್ತಿರಲಿಲ್ಲ. ಸಮಾಧಾನ ಹೇಳುವುದು ಮೇಡಂ ಅವರಿಗೆ ಬರುತ್ತಿರಲಿಲ್ಲ. "ಸುಸ್ತಾದ್ರೆ ಮಲಗು. ನಾನು ಓದ್ತೀನಿ, ನೀನು ಕೇಳು" ಎಂದು ಹೇಳಿ ಗಟ್ಟಿಯಾಗಿ ಓದತೊಡಗಿದರು. ಗಿರಿಜ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ನಿದ್ದೆ ಹೋದಳು ಎಂದು ನಾನು ಅಂದುಕೊಂಡೆ. ಮೇಡಂ ಒಂದು ಸಾಲು ಬಿಟ್ಟು ಓದಿದಾಗ ಮಲಗಿದ್ದಲ್ಲಿಂದಲೇ ಆ ಸಾಲು ಹೇಳಿದಳು.

ಅರ್ಥಶಾಸ್ತ್ರದ ಪರೀಕ್ಷೆಯ ದಿನ ನಾವಿಬ್ಬರೂ ಪರೀಕ್ಷಾ ಕೇಂದ್ರದ ಗೇಟಿನಾಚೆ ಕಾಯುತ್ತಿದ್ದೆವು. ಗಂಟೆ ಹೊಡೆದು ಮಕ್ಕಳೆಲ್ಲ ಬಂದ ಮೇಲೆ, ಕೊನೆಯವರಲ್ಲಿ ಗಿರಿಜ ಬಂದಳು. ಮೇಡಂ ಅವಳ ಕೈಯಿಂದ ಪ್ರಶ್ನೆಪತ್ರಿಕೆ ಕಿತ್ತುಕೊಂಡು ಓದತೊಡಗಿದರು. ಒಂದು ಕಡೆ ಬೆರಳು ನಿಂತಿತು. ಒಂದು ದೇಶದ ತಲಾ ಉತ್ಪನ್ನವು ಅಲ್ಲಿನ ಜನರ ಕ್ಷೇಮವನ್ನು ಸರಿಯಾಗಿ ತೋರಿಸುತ್ತದೆಯೇ, ಚರ್ಚಿಸಿ ಎಂದಿತ್ತು.

"ಇದನ್ನ ಬರೆದ್ಯಾ?"

"ಬರೆದೆ ಮೇಡಂ. ಪುಸ್ತಕದಲ್ಲಿ ಇದ್ದ ಹಾಗೇ ಬರೆದೆ."

"ನಿಂದೇನೂ ಸೇರಿಸಲಿಲ್ವ?"

ಗಿರಿಜ ಇಲ್ಲವೆಂದು ತಲೆಯಾಡಿಸಿದಳು. "ಪಾಸಾಗ್ಬೇಕಲ್ಲ ಮೇಡಂ. ನಂದು ಬರೆಯೋಕೆ ಹೊರಟಿದ್ರೆ ಅವರು ಕೊಟ್ಟ ಹಾಳೆ ಸಾಲ್ತಿರ್ಲಿಲ್ಲ."

ಮೇಡಂ ಪ್ರಶ್ನೆಪತ್ರಿಕೆಯನ್ನು ನಿಧಾನವಾಗಿ ಮಡಚಿದರು.

"ಸರಿ ಮಾಡ್ದೆ. ಮೊದಲು ಪಾಸಾಗು, ಹಾಳೆ ಆಮೇಲೆ ಹೊಂದಿಸೋಣ" ಎಂದು ಅವಳ ಕೈಗೆ ವಾಪಸ್ಸು ಕೊಟ್ಟರು.

ನಾಡಿದ್ದು ಇತಿಹಾಸದ ಪರೀಕ್ಷೆ ಇತ್ತು. ಎಲ್ಲೆಲ್ಲಿ ಓದಿ ಆಗಿಲ್ಲ ಎಂದು ವಿಚಾರಿಸುತ್ತ ಮೇಡಂ ಅವಳ ಜೊತೆ ಬಸ್ ಸ್ಟ್ಯಾಂಡಿನ ಕಡೆ ನಡೆದರು.